ನೇರಳೆ ಮುಚ್ಚಳದ ಟ್ಯೂಬು

ಎಚ್‌ಐವಿ ಪರೀಕ್ಷೆಯ ಕೋಣೆಗೆ ತಾವಾಗಿಯೇ ಬರುವವರು ಕಡಿಮೆ. ಗರ್ಭಿಣಿಯರು ತಾಯಿ ಕಾರ್ಡ್ ಹಿಡಿದು ಬರುತ್ತಾರೆ. ಕ್ಷಯಕ್ಕೆ ಔಷಧ ಶುರುವಾದವರನ್ನು ಪಕ್ಕದ ಕೋಣೆಯಿಂದ ಕಳಿಸಿಕೊಡುತ್ತಾರೆ. ಸ್ವಂತ ಸಂಶಯಕ್ಕೆ ಬರುವವರಲ್ಲಿ ಪರವೂರಿನವರೇ ಜಾಸ್ತಿ. ಕಾರವಾರದವರಿಗೆ ಮಡಗಾಂವ್ ವಾಸಿ ಅನ್ನಿಸುತ್ತದೆ, ಭಟ್ಕಳದವರಿಗೆ ಉಡುಪಿ, ಶಿರಸಿಯವರಿಗೆ ಹುಬ್ಬಳ್ಳಿ. ಸಾಲಿನಲ್ಲಿ ನಿಂತ ಹತ್ತು ಜನರಲ್ಲಿ ಒಬ್ಬರಾದರೂ ಹೆಂಡತಿಯ ತವರಿನ ಕಡೆಯವರು ಸಿಕ್ಕೇ ಸಿಗುವ ಜಿಲ್ಲೆ ನಮ್ಮ ಉತ್ತರ ಕನ್ನಡ. ಹಾಗಾಗಿ ಇದನ್ನು ಬುದ್ಧಿಗೇಡಿತನ ಅನ್ನುವ ಹಾಗಿಲ್ಲ. ಆದರೆ ಪರೀಕ್ಷೆಗೆ ಒಂದು ಸಲ ದೂರ ಹೋಗುವುದು ಬೇರೆ, ಗುಳಿಗೆಗಾಗಿ ವರ್ಷವರ್ಷವೂ ದೂರ ಹೋಗುವುದು ಬೇರೆ. ಎರಡು-ಮೂರು ವರ್ಷಕ್ಕೆ ಕಾಲು ಸೋಲುತ್ತದೆ.

ಈ ಕೆಲಸದಲ್ಲಿರುವವರಿಗೆ ಬೇಗ ತಿಳಿಯುವ ಸಂಗತಿಯೂ ಇದೇ. ಈಗಿನ ಔಷಧ ಸೋಲುವುದು ಅಪರೂಪ. ಮನುಷ್ಯನೋ ರಕ್ತದ ಟ್ಯೂಬೋ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಾಗ ನಡುದಾರಿಯಲ್ಲಿ ಕೆಲಸ ಕೆಡುತ್ತದೆ.

ಮೊದಲ ಮೇಜು ಆಪ್ತಸಮಾಲೋಚಕರದ್ದು. ಅಲ್ಲಿ ಕೇಳುವ ಪ್ರಶ್ನೆಗಳಲ್ಲಿ ತಾರೀಕಿನ ಪ್ರಶ್ನೆಗೆ ಎಲ್ಲಕ್ಕಿಂತ ಹೆಚ್ಚು ತೂಕ: ಸಂಶಯ ಹುಟ್ಟಿಸಿದ ಸಂಗತಿ ನಡೆದು ಎಷ್ಟು ದಿನ ಆಯ್ತು? ಕಿಟ್ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ಕಟ್ಟಿಕೊಳ್ಳುವ ಪ್ರತಿಕಾಯಗಳನ್ನು. ಅವು ಕಿಟ್ಟಿಗೆ ಸಿಗುವಷ್ಟು ಏಳುವುದಕ್ಕೆ ವಾರಗಳೇ ಬೇಕು. ಹೋದ ಭಾನುವಾರದ ಸಂಗತಿಗೆ ಈ ಶುಕ್ರವಾರ ಬಂದ ನೆಗೆಟಿವ್ ಏನನ್ನೂ ಹೇಳುವುದಿಲ್ಲ. 3 ತಿಂಗಳು ಕಳೆದ ಮೇಲೆ ಇನ್ನೊಮ್ಮೆ ನೋಡಲೇಬೇಕು. 72 ಗಂಟೆ ಇನ್ನೂ ಮುಗಿದಿಲ್ಲ ಅಂತಾದರೆ ಮಾತು ಅಲ್ಲಿಗೇ ನಿಲ್ಲಿಸಿ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ) ವೈದ್ಯರ ಬಳಿ ಕಳಿಸಬೇಕು. ಸೋಂಕು ಬೇರೂರದ ಹಾಗೆ ತಡೆಯುವ 28 ದಿನದ ಔಷಧ ಇದೆ, ಅದು ಗಂಟೆಗಳ ಲೆಕ್ಕದಲ್ಲಿ ಕೆಲಸ ಮಾಡುವಂಥದ್ದು. ಬಹಳ ಜನ ನಾಲ್ಕನೆಯ ದಿನ ಬರುತ್ತಾರೆ.

ಒಪ್ಪಿಗೆ ಬರೆಸಿಕೊಳ್ಳುವುದು ಬರೀ ಕಾಗದದ ಶಾಸ್ತ್ರ ಅಲ್ಲ. 2017ರ ಎಚ್‌ಐವಿ–ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ತಿಳಿಸಿ ಪಡೆದ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಾಯಿಬಿಡುವಂತಿಲ್ಲ. ಜೊತೆಗೆ ಬಂದ ಭಾವ ‘ನಾನು ಮನೆಯವನೇ, ನನ್ನ ಹತ್ರ ಹೇಳಿ’ ಅಂದರೂ ಹೇಳುವುದಿಲ್ಲ. ಫೋನಿನಲ್ಲಂತೂ ಇಲ್ಲವೇ ಇಲ್ಲ.

ರಕ್ತ ತೆಗೆಯುವುದು ಮೂರರಿಂದ ಐದು ಎಂ.ಎಲ್. ಹೆಸರು, ನಂಬರು, ತಾರೀಕು ಟ್ಯೂಬಿನ ಮೇಲೆ ಬೀಳಬೇಕಾದದ್ದು ಆ ಮನುಷ್ಯ ಇನ್ನೂ ಕುರ್ಚಿಯಲ್ಲಿ ಕೂತಿರುವಾಗಲೇ. ‘ಆಮೇಲೆ ಬರೆದರಾಯ್ತು’ ಅಂತ ಸ್ಟ್ಯಾಂಡಿನಲ್ಲಿ ಇಟ್ಟ ಎರಡು ಟ್ಯೂಬು ಅದಲುಬದಲಾದರೆ ಆಮೇಲೆ ಯಾವ ಯಂತ್ರವೂ ಅದನ್ನು ಹಿಡಿಯುವುದಿಲ್ಲ. ಒಂದೇ ಮನೆಯವರು ಒಟ್ಟಿಗೆ ಬಂದ ದಿನ ಈ ಎಚ್ಚರ ಎರಡು ಪಟ್ಟು ಬೇಕು: ಅಡ್ಡಹೆಸರು ಒಂದೇ, ಊರು ಒಂದೇ.

ಕಿಟ್ಟುಗಳದ್ದು ಬೇರೆಯೇ ಪಂಚಾಯ್ತಿ. ಫ್ರಿಜ್ಜಿನಲ್ಲಿಟ್ಟ ಕಿಟ್ಟನ್ನು ಹೊರಗೆ ತಂದ ಕೂಡಲೇ ಹರಿಯಬಾರದು. ಕೋಣೆಯ ಬಿಸಿಗೆ ಬರುವವರೆಗೆ ಪೊಟ್ಟಣ ಮುಚ್ಚಿಯೇ ಇರಬೇಕು. ಕರಾವಳಿಯ ಗಾಳಿಯಲ್ಲಿ ತಣ್ಣಗಿನ ಪಟ್ಟಿಯ ಮೇಲೆ ನೀರಿನ ಪಸೆ ಕೂರುವುದಕ್ಕೆ ಒಂದು ನಿಮಿಷ ಸಾಕು, ಪಸೆ ಹಿಡಿದ ಪಟ್ಟಿಯಲ್ಲಿ ರಕ್ತರಸ ಸರಿಯಾಗಿ ಹರಿಯುವುದಿಲ್ಲ. ಎಷ್ಟು ಹನಿ ಹಾಕಬೇಕು, ಎಷ್ಟು ನಿಮಿಷಕ್ಕೆ ಓದಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಹೊಸ ಬ್ಯಾಚಿನ ಜೊತೆ ಬೇರೆ ಕಂಪನಿಯ ಕಿಟ್ ಬಂದಾಗ ಹಳೆಯ ಕೈಯಳತೆಯಲ್ಲೇ ಹನಿ ಹಾಕಿಬಿಡುವುದು ಸಾಮಾನ್ಯ ತಪ್ಪು. ಇನ್ನೊಂದು, ಹೊತ್ತು ಮೀರಿ ಓದುವುದು. 20 ನಿಮಿಷಕ್ಕೆ ಓದಬೇಕಾದ ಪಟ್ಟಿಯನ್ನು ಊಟ ಮುಗಿಸಿ ಬಂದು ಓದಿದರೆ, ಒಣಗುತ್ತಾ ಬಂದ ಪಟ್ಟಿಯ ಮೇಲೆ ಬೂದುಬಣ್ಣದ ಗೆರೆಯೊಂದು ಮೂಡಿರುತ್ತದೆ. ಅದು ಸೋಂಕೂ ಅಲ್ಲ, ಏನೂ ಅಲ್ಲ. ಪಟ್ಟಿ ಸರಿಯಿದೆ ಅಂತ ತೋರಿಸುವ ಕಂಟ್ರೋಲ್ ಗೆರೆಯೇ ಬಾರದಿದ್ದರೆ ಆ ಪಟ್ಟಿ ಕಸದ ಬುಟ್ಟಿಗೆ, ಹೊಸ ಪಟ್ಟಿಯಲ್ಲಿ ಮತ್ತೆ ಮೊದಲಿನಿಂದ.

ಮೊದಲ ಕಿಟ್ಟಿನಲ್ಲಿ ಗೆರೆ ಮೂಡದಿದ್ದರೆ ಫಲಿತಾಂಶ ನೆಗೆಟಿವ್, ಕೆಲಸ ಮುಗಿಯಿತು. ಮೂಡಿದರೆ ಅದೇ ರಕ್ತವನ್ನು ಬೇರೆ ಬೇರೆ ತತ್ವದ ಇನ್ನೆರಡು ಕಿಟ್ಟುಗಳಲ್ಲಿ ನೋಡಬೇಕು. ಮೂರೂ ಹೌದು ಅಂದರೆ ಮಾತ್ರ ಪಾಸಿಟಿವ್. ಎರಡು ಹೌದು, ಒಂದು ಅಲ್ಲ ಅಂತ ಬಂದರೆ ‘ನಿರ್ಧಾರವಾಗಿಲ್ಲ’ ಅಂತ ಬರೆದು 14ರಿಂದ 28 ದಿನದೊಳಗೆ ಮತ್ತೆ ಕರೆಯುತ್ತಾರೆ. ‘ಒಂದು ಸಲ ಬಂದ ಮೇಲೆ ಬಂತಲ್ಲ, ಮೂರು ಯಾಕೆ?’ ಅಂತ ಕೇಳುವವರು ಇದ್ದಾರೆ. ಅದರ ಹಿಂದೆ ಇರುವುದು ಸಾದಾ ಲೆಕ್ಕ. ಸಾವಿರ ಜನರಲ್ಲಿ 2 ಜನಕ್ಕೆ ಸೋಂಕಿದೆ ಅಂದುಕೊಳ್ಳಿ. ಕಿಟ್ಟು 99.5 ಶೇಕಡಾ ಖಚಿತ ಅಂದುಕೊಳ್ಳಿ. ಉಳಿದ 998 ಜನರಲ್ಲಿ ಅರ್ಧ ಶೇಕಡಾ ಅಂದರೆ 5 ಜನರ ಪಟ್ಟಿಯಲ್ಲಿ ಸುಳ್ಳು ಗೆರೆ ಮೂಡುತ್ತದೆ. ಗೆರೆ ಬಂದವರು 7 ಜನ, ನಿಜವಾಗಿ ಸೋಂಕಿರುವವರು 2. ಒಂದೇ ಕಿಟ್ಟನ್ನು ನಂಬಿದರೆ ಐದು ಸಂಸಾರ ಸುಮ್ಮನೆ ಮುರಿಯುತ್ತದೆ. ಖಾಸಗಿ ಲ್ಯಾಬಿನ ‘ರಿಯಾಕ್ಟಿವ್’ ಅನ್ನುವ ಒಂದು ಚೀಟಿ ಹಿಡಿದು ಅಳುತ್ತಾ ಬಂದವರನ್ನು ಮೊದಲು ಕೂರಿಸಿ ಈ ಲೆಕ್ಕ ಹೇಳಬೇಕಾಗುತ್ತದೆ.

ಅಂದಹಾಗೆ, ಈ ದೇಶದಲ್ಲಿ ಮೊದಲ ಸೋಂಕುಗಳು ಗೊತ್ತಾದದ್ದೂ ಒಂದು ಟ್ಯೂಬು ಊರಿಂದೂರಿಗೆ ಹೋದದ್ದರಿಂದಲೇ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ರಕ್ತದ ಮಾದರಿ ಸಂಗ್ರಹಿಸಿದರು, ಪರೀಕ್ಷೆ ನಡೆದದ್ದು ವೆಲ್ಲೂರಿನಲ್ಲಿ. ಆಗ ಅವರಿಗೆ ಕಳಿಸುವ ದಾರಿ ಇತ್ತು, ಕೊಡುವುದಕ್ಕೆ ಔಷಧ ಇರಲಿಲ್ಲ. ಈಗ ಔಷಧ ಇದೆ.

ಪಾಸಿಟಿವ್ ಅಂತ ತಿಳಿಸಿದ ಮೇಲೆ ಎಆರ್‌ಟಿ ಕೇಂದ್ರದ ಬಾಗಿಲು ಎಷ್ಟೋ ಕಡೆ ನಲವತ್ತು ಹೆಜ್ಜೆ ದೂರ ಇರುತ್ತದೆ. ಅತಿ ಹೆಚ್ಚು ಜನ ಕೈಬಿಟ್ಟು ಹೋಗುವ ಜಾಗಗಳಲ್ಲಿ ಆ ನಲವತ್ತು ಹೆಜ್ಜೆಯೂ ಒಂದು. ‘ಮನೆಗೆ ಹೋಗಿ ಬರ್ತೆ’ ಅಂದವರು ವರ್ಷ ಬಿಟ್ಟು ಮೈ ಇಳಿದ ಮೇಲೆ ಬರುತ್ತಾರೆ. ಹಾಗಾಗಿ ದಾರಿ ತೋರಿಸಿ ಕೂರುವ ಬದಲು ಎದ್ದು ಜೊತೆಗೆ ನಡೆಯುವುದು ಕೆಲಸದ ಒಂದು ಭಾಗ. ಕುಮಟೆಯಿಂದಲೋ ಯಲ್ಲಾಪುರದಿಂದಲೋ ಚೀಟಿ ಬರೆದು ಕಳಿಸಿದ್ದಾದರೆ ‘ಬಂದರಾ?’ ಅಂತ ಅಲ್ಲಿಂದ ಇಲ್ಲಿಗೆ ಫೋನು ಬರಬೇಕು, ಇಲ್ಲಿಂದ ಅಲ್ಲಿಗೂ. ಈ ಫೋನು ತಪ್ಪಿದಾಗ ಮನುಷ್ಯ ಎರಡೂ ರಿಜಿಸ್ಟರಿನಿಂದ ಮಾಯ.

ಕೇಂದ್ರದಲ್ಲಿ ಚಿಕಿತ್ಸೆಯ ದಾಖಲೆ ಬರೆಯುವ ಬಿಳಿ ಕಾರ್ಡ್ ತೆರೆಯುತ್ತಾರೆ. ಕೆಮ್ಮು, ಜ್ವರ, ತೂಕ ಇಳಿದದ್ದು, ರಾತ್ರಿ ಬೆವರು: ಈ ನಾಲ್ಕು ಪ್ರಶ್ನೆ ಮೊದಲ ದಿನವಷ್ಟೇ ಅಲ್ಲ, ಪ್ರತಿ ಭೇಟಿಯಲ್ಲೂ. ಯಾವುದಕ್ಕಾದರೂ ಹೌದು ಅಂದರೆ ಮೊದಲು ಕ್ಷಯಕ್ಕಾಗಿ ಕಫದ ಪರೀಕ್ಷೆ. ಆಮೇಲೆ ಸಿಡಿ4 (ಎಚ್‌ಐವಿ ಕೆಡಿಸುವ ರೋಗನಿರೋಧಕ ಕಣ) ಎಣಿಕೆ, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್. 2017ರಿಂದ ಸಿಡಿ4 ಎಷ್ಟೇ ಇರಲಿ ಎಲ್ಲರಿಗೂ ಗುಳಿಗೆ ಶುರು. ಹಾಗಾದರೆ ಎಣಿಸುವುದು ಯಾಕೆ? 200ಕ್ಕಿಂತ ಕೆಳಗಿದ್ದವರಲ್ಲಿ ಕ್ಷಯವೋ ಮಿದುಳಿನ ಪೊರೆಯ ಶಿಲೀಂಧ್ರ ಸೋಂಕೋ ಸದ್ದಿಲ್ಲದೆ ಕೂತಿರಬಹುದು. ಅದನ್ನು ನೋಡದೆ ಎಆರ್‌ಟಿ ಶುರು ಮಾಡಿದರೆ, ಚೇತರಿಸಿಕೊಳ್ಳುವ ರೋಗನಿರೋಧಕ ಶಕ್ತಿಯೇ ಆ ಅಡಗಿದ ಸೋಂಕಿನ ಮೇಲೆ ಮುಗಿಬಿದ್ದು ಮೈ ಕೆಡಿಸುತ್ತದೆ. ‘ಗುಳಿಗೆ ತಗೊಂಡ ಮೇಲೇ ಹೆಚ್ಚಾಯ್ತು’ ಅನ್ನುವ ಮಾತು ಊರಲ್ಲಿ ಹರಡಲು ಅಂಥ ಒಂದು ಪ್ರಕರಣ ಸಾಕು.

ಗುಳಿಗೆ ಈಗ ದಿನಕ್ಕೆ ಒಂದು. ಟೆನೊಫೊವಿರ್ 300 ಮಿ.ಗ್ರಾಂ., ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50, ಮೂರೂ ಒಂದರಲ್ಲೇ. ಕೇಂದ್ರದಲ್ಲಿ ‘ಟಿಎಲ್‌ಡಿ’ ಅನ್ನುತ್ತಾರೆ. ಡಬ್ಬಿಗೆ 30 ಗುಳಿಗೆ. 2004ರ ಏಪ್ರಿಲ್‌ನಿಂದ ಸರಕಾರ ಎಆರ್‌ಟಿ ಉಚಿತವಾಗಿ ಕೊಡುತ್ತಿದೆ. ಅದಕ್ಕೂ ಮೊದಲು, 2001ರಲ್ಲಿ, ಔಷಧ ಕಂಪನಿ ಸಿಪ್ಲಾದ ಯೂಸುಫ್ ಹಮೀದ್ ಮೂರು ಔಷಧದ ಜೋಡಿಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇವೆ ಅಂದದ್ದು ಜಗತ್ತಿನ ಬೆಲೆಯನ್ನೇ ಕೆಳಗಿಳಿಸಿತು. ಡಬ್ಬಿ ಕೈಗೆ ಕೊಡುವಾಗ ಇದನ್ನೆಲ್ಲ ಹೇಳಲು ಹೊತ್ತಿರುವುದಿಲ್ಲ. ಹೇಳುವುದು ಇಷ್ಟು: ಡಬ್ಬಿಯೊಳಗಿನ ಸಣ್ಣ ಸಿಲಿಕಾ ಪೊಟ್ಟಣ ಬಿಸಾಡಬೇಡಿ, ಗುಳಿಗೆಯನ್ನು ಪ್ಲಾಸ್ಟಿಕ್ ಕೊಟ್ಟೆಗೆ ಸುರಿಯಬೇಡಿ, ಆಷಾಢದ ಪಸೆಗೆ ಅದು ಮೆತ್ತಗಾಗುತ್ತದೆ. ಡಬ್ಬಿ ಕಂಡರೆ ಜನ ಕೇಳುತ್ತಾರೆ ಅನ್ನುವ ಹೆದರಿಕೆಗೆ ಲೇಬಲ್ ಕಿತ್ತರೆ ತೊಂದರೆ ಇಲ್ಲ. ಮುಚ್ಚಳ ಬಿಗಿ ಇದ್ದರೆ ಸಾಕು.

ಡೊಲುಟೆಗ್ರಾವಿರ್‌ಗೆ ಒಂದು ಶತ್ರು ಇದೆ, ಅದು ಮನೆಮನೆಯಲ್ಲೂ ಇದೆ: ಹುಳಿತೇಗಿಗೆ ಕುಡಿಯುವ ಗುಲಾಬಿ ಔಷಧ. ಅದರಲ್ಲಿರುವ ಮೆಗ್ನೀಷಿಯಂ, ಅಲ್ಯೂಮಿನಿಯಂ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದನ್ನು ರಕ್ತಕ್ಕೆ ಇಳಿಯಗೊಡುವುದಿಲ್ಲ. ಎಆರ್‌ಟಿ ಗುಳಿಗೆಯನ್ನು ಆ ಔಷಧಕ್ಕೆ 2 ಗಂಟೆ ಮೊದಲು ಅಥವಾ 6 ಗಂಟೆ ಬಿಟ್ಟು ತೆಗೆದುಕೊಳ್ಳಬೇಕು. ಗರ್ಭಿಣಿಯರ ಕಬ್ಬಿಣ ಮತ್ತು ಕ್ಯಾಲ್ಷಿಯಂ ಮಾತ್ರೆಯದ್ದೂ ಇದೇ ಕಥೆ, ಆದರೆ ಊಟದ ಜೊತೆಗಾದರೆ ಒಟ್ಟಿಗೇ ನುಂಗಬಹುದು. ಕ್ಷಯದ ರಿಫಾಂಪಿಸಿನ್ ಇದ್ದವರಿಗೆ ಡೊಲುಟೆಗ್ರಾವಿರ್ 50 ಇನ್ನೊಂದು, 12 ಗಂಟೆ ಬಿಟ್ಟು; ರಿಫಾಂಪಿಸಿನ್ ನಿಲ್ಲಿಸಿದ ಮೇಲೂ 2 ವಾರ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ದಿನಕ್ಕೆ 1,000 ಮಿ.ಗ್ರಾಂ. ದಾಟಬಾರದು. ಇವನ್ನು ಕೇಳದೇ ಬಿಟ್ಟರೆ ವರ್ಷದ ಕೊನೆಗೆ ವರದಿಯಲ್ಲಿ ಕಾಣಿಸುತ್ತದೆ.

ಊಟದ ಪಥ್ಯ ಇಲ್ಲ. ಏಕಾದಶಿಯ ಖಾಲಿ ಹೊಟ್ಟೆಗೂ ಆಗುತ್ತದೆ, ರಂಜಾನಿನಲ್ಲಿ ಉಪವಾಸ ಬಿಟ್ಟ ಮೇಲೂ ಆಗುತ್ತದೆ. ಬೇಕಾದದ್ದು ಒಂದೇ ಹೊತ್ತು. ಯಕ್ಷಗಾನ ಮೇಳದವರು ರಾತ್ರಿ ವೇಷ ಕಟ್ಟುವ ಮುಂಚೆ ಅಂತ ಹೊತ್ತು ಇಟ್ಟುಕೊಂಡರೆ ಮಳೆಗಾಲದಲ್ಲಿ ತಿರುಗಾಟ ನಿಂತಾಗ ಆ ಗುರುತೇ ಹೋಗುತ್ತದೆ. ಬೆಳಗಿನ ಚಹಾ ವರ್ಷವಿಡೀ ಇರುತ್ತದೆ. ಕಡಲಿಗೆ ಹೋಗುವವರಿಗೂ ಅದೇ ಸಲಹೆ. ನೆಟ್‌ವರ್ಕ್ ಇಲ್ಲದ ಕಡೆಯೂ ಮೊಬೈಲಿನ ಅಲಾರಾಂ ಹೊಡೆಯುತ್ತದೆ ಅನ್ನುವುದನ್ನು ಕೆಲವರಿಗೆ ತೋರಿಸಿಯೇ ನಂಬಿಸಬೇಕು. ಕಡಲಿನ ಓಲಾಟಕ್ಕೆ, ಗುಳಿಗೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಮರೆತರೆ ನೆನಪಾದ ಕೂಡಲೇ ಒಂದು, ಮಾರನೇ ದಿನ ಎರಡು ಅಲ್ಲ.

ಪ್ರತಿ ಸಲ ಡಬ್ಬಿ ತರಿಸಿ ಉಳಿದ ಗುಳಿಗೆ ಎಣಿಸುತ್ತಾರೆ. 30ರಲ್ಲಿ ಒಂದು ತಪ್ಪಿದರೆ 96.7 ಶೇಕಡಾ, ಎರಡು ತಪ್ಪಿದರೆ 93.3. ಗಡಿ 95. ಜನಕ್ಕೆ ಇದು ಗೊತ್ತು, ಹಾಗಾಗಿ ಡಬ್ಬಿಯನ್ನು ಖಾಲಿ ಮಾಡಿಕೊಂಡು ಬರುವವರೂ ಇದ್ದಾರೆ. ಎಣಿಸುವವರು ಮಾಸ್ತರರ ಹಾಗೆ ಮುಖ ಮಾಡಿದಷ್ಟೂ ಸುಳ್ಳು ಹೆಚ್ಚು. ‘ಈ ತಿಂಗಳು ಎಷ್ಟು ತಪ್ಪಿತು?’ ಅಂತ ಕೇಳಿದರೆ ಉತ್ತರ ಬರುತ್ತದೆ, ‘ತಪ್ಪಿಸಲಿಲ್ಲ ಅಲ್ವಾ?’ ಅಂತ ಕೇಳಿದರೆ ಬರೀ ತಲೆ ಅಲ್ಲಾಡುತ್ತದೆ.

ಇನ್ನು ಮಗು. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದಾದ್ದರಿಂದ ದೊಡ್ಡವರ ಕಿಟ್ ಅಲ್ಲಿ ಕೆಲಸಕ್ಕೆ ಬಾರದು, ವೈರಸ್ಸನ್ನೇ ಹುಡುಕಬೇಕು. ಹುಟ್ಟಿದ ಕೂಡಲೇ ಸೋಂಕು ತಡೆಯುವ ನೆವಿರಾಪಿನ್ ಸಿರಪ್ಪು ಶುರು. 2ರಿಂದ 2.5 ಕಿಲೋ ತೂಕದ ಕೂಸಿಗೆ ದಿನಕ್ಕೆ 1 ಎಂ.ಎಲ್., ಅದಕ್ಕಿಂತ ಹೆಚ್ಚಿದ್ದರೆ 1.5, ಕಡಿಮೆಯೆಂದರೂ 6 ವಾರ. ತಾಯಿಯ ವೈರಸ್ ಹತೋಟಿಯಲ್ಲಿ ಇಲ್ಲದಿದ್ದರೆ ಔಷಧವೂ ಹೆಚ್ಚು, ಅವಧಿಯೂ ಹೆಚ್ಚಾಗಬಹುದು. ಆರನೇ ವಾರಕ್ಕೆ ಪೆಂಟಾ ಚುಚ್ಚುಮದ್ದಿಗೆ ಹೇಗೂ ಬರುತ್ತಾರೆ, ಅದೇ ದಿನ ಹಿಮ್ಮಡಿಯಿಂದ ರಕ್ತ ತೆಗೆದು ಕಾರ್ಡಿನ ಮೇಲೆ ಒಣಗಿಸುವುದು.

ಇಲ್ಲಿ ಕೈಚಳಕ ಬೇಕು. ಪಾದ ಬೆಚ್ಚಗಿರಬೇಕು, ಚುಚ್ಚುವುದು ಹಿಮ್ಮಡಿಯ ಬದಿಗೆ, ನಡುವಿಗಲ್ಲ. ಮೊದಲ ಹನಿ ಒರೆಸಿ, ಎರಡನೆಯದು ದಪ್ಪಗೆ ಕಟ್ಟುವವರೆಗೆ ಕಾಯಬೇಕು. ಹಿಂಡಿದರೆ ರಕ್ತದ ಜೊತೆ ಮಾಂಸದ ನೀರೂ ಬಂದು, ಒಣಗಿದಾಗ ಕಲೆಯ ಸುತ್ತ ತೆಳು ಉಂಗುರ ಕಾಣುತ್ತದೆ; ಲ್ಯಾಬಿನವರು ಅದನ್ನು ವಾಪಸ್ ಕಳಿಸುತ್ತಾರೆ. ಒಂದು ವೃತ್ತಕ್ಕೆ ಒಂದೇ ದೊಡ್ಡ ಹನಿ. ಸಾಕಾಗಲಿಲ್ಲ ಅಂತ ಮೇಲೆ ಇನ್ನೊಂದು ಕೂರಿಸಿದರೆ ಪದರ ಕಟ್ಟುತ್ತದೆ, ಅದೂ ವಾಪಸ್. ಕಾರ್ಡನ್ನು ಅಡ್ಡಲಾಗಿ ಮಲಗಿಸಿ ಕಡಿಮೆಯೆಂದರೂ 4 ಗಂಟೆ, ಬಿಸಿಲೂ ತಾಗದಂತೆ, ಹೀಟರೂ ಇಲ್ಲದಂತೆ ಒಣಗಿಸಬೇಕು ಅನ್ನುತ್ತದೆ ನಿಯಮ. ಜುಲೈ ತಿಂಗಳಲ್ಲಿ ಕಾರವಾರದಲ್ಲಿ 4 ಗಂಟೆಗೆ ಒಗೆದ ಕರವಸ್ತ್ರವೂ ಒಣಗುವುದಿಲ್ಲ. ಮಳೆಗಾಲದಲ್ಲಿ ಇಡೀ ರಾತ್ರಿ ಬಿಡುವುದೇ ಸರಿ, ಬಾಗಿಲು ಹಾಕಿದ ಕೋಣೆಯಲ್ಲಿ, ಸ್ಟ್ಯಾಂಡಿನ ಮೇಲೆ. ಇರುವೆಯೂ ನೊಣವೂ ಈ ಕಾರ್ಡನ್ನು ಹುಡುಕಿಕೊಂಡು ಬರುತ್ತವೆ, ಯಾವ ಕೈಪಿಡಿ ಹೇಳಲಿ ಬಿಡಲಿ. ಕಲೆ ಕೆಂಪು ಹೋಗಿ ಕಡು ಕಂದು ಆದ ಮೇಲೆ ಜಿಪ್ ಕವರಿಗೆ, ಜೊತೆಗೆ ತೇವ ಹೀರುವ ಪೊಟ್ಟಣ ಮತ್ತು ತೇವ ತೋರಿಸುವ ಸೂಚಕ ಕಾರ್ಡು. ಆ ಸೂಚಕ ಬಣ್ಣ ಬದಲಿಸಿದ್ದರೆ ಪೊಟ್ಟಣ ಬದಲಿಸದೆ ಕಳಿಸಬಾರದು. ಇಷ್ಟು ಹಠ ಯಾಕೆಂದರೆ ಕಾರ್ಡು ವಾಪಸ್ ಬಂದರೆ ಬಾಣಂತಿಯನ್ನು ಮತ್ತೆ ಮನೆಯಿಂದ ಹೊರಡಿಸಬೇಕು. ‘ಏನು, ಪದೇ ಪದೇ ಆಸ್ಪತ್ರೆಗೆ?’ ಅಂತ ಅತ್ತೆ ಕೇಳುವ ಪ್ರಶ್ನೆಗೆ ಅವಳ ಹತ್ತಿರ ಉತ್ತರ ಇರುವುದಿಲ್ಲ.

ಆರು ತಿಂಗಳು ಗುಳಿಗೆ ನುಂಗಿದ ಮೇಲೆ ನೇರಳೆ ಮುಚ್ಚಳದ ಟ್ಯೂಬಿನ ಸರದಿ. ಒಂದು ಎಂ.ಎಲ್. ಪ್ಲಾಸ್ಮಾದಲ್ಲಿ (ಕಣ ಬೇರೆಯಾದ ಮೇಲೆ ಉಳಿಯುವ ರಕ್ತದ ನೀರು) ವೈರಸ್ಸಿನ ಎಷ್ಟು ಪ್ರತಿ ಇವೆ ಅನ್ನುವ ವೈರಲ್ ಲೋಡ್ ಪರೀಕ್ಷೆ ಇದು. ಆರನೇ ತಿಂಗಳು, ಹನ್ನೆರಡನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ. ಗುಳಿಗೆ ಕೆಲಸ ಮಾಡುತ್ತಿದೆಯೇ ಇಲ್ಲವೇ ಅಂತ ಹೇಳುವ ಸಾಕ್ಷಿ ಇದೊಂದೇ. ತೂಕ ಹೆಚ್ಚಿದ್ದು, ಮುಖ ತುಂಬಿಕೊಂಡದ್ದು ಸಾಕ್ಷಿಯಲ್ಲ.

ನೇರಳೆ ಮುಚ್ಚಳದೊಳಗೆ ಇಡಿಟಿಎ ಇರುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ ತೆಗೆದರೆ ಹೆಪಾರಿನ್ನೇ ವೈರಸ್ಸನ್ನು ಎಣಿಸುವ ಪಿಸಿಆರ್ ಕ್ರಿಯೆಯನ್ನು ತಡೆಯುತ್ತದೆ. ಗೆರೆಯವರೆಗೆ ತುಂಬಿಸಿ, ಕೂಡಲೇ ಎಂಟು-ಹತ್ತು ಸಲ ನಿಧಾನಕ್ಕೆ ತಲೆಕೆಳಗೆ ಮಾಡಬೇಕು. ಕುಲುಕಿದರೆ ರಕ್ತಕಣ ಒಡೆದು ಪ್ಲಾಸ್ಮಾ ಕೆಂಪಾಗುತ್ತದೆ. ಇಲ್ಲಿಂದ ಗಡಿಯಾರ ಶುರು: ಹೆಚ್ಚೆಂದರೆ 24 ಗಂಟೆಯೊಳಗೆ ಪ್ಲಾಸ್ಮಾ ಬೇರೆಯಾಗಬೇಕು, ಕೆಲವು ಕಿಟ್ಟುಗಳು ಅಷ್ಟೂ ಬಿಡುವುದಿಲ್ಲ. ಇಡೀ ರಕ್ತವನ್ನು ಫ್ರೀಜರಿಗೆ ಹಾಕುವುದಂತೂ ದೊಡ್ಡ ತಪ್ಪು, ಕಣಗಳೆಲ್ಲ ಒಡೆದು ಕೆಂಪು ನೀರು ಉಳಿಯುತ್ತದೆ.

ಟ್ಯೂಬನ್ನು ಗಿರಗಿರ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸುವ ಸೆಂಟ್ರಿಫ್ಯೂಜಿನ ಮುಂದೆ ಆಗುವ ಗೊಂದಲ ಹೇಳಲೇಬೇಕು. ಕಾಗದದಲ್ಲಿ 1,000 ಜಿ (ಭೂಮಿಯ ಸೆಳೆತದ ಸಾವಿರ ಪಟ್ಟು) ಅಂತ ಬರೆದಿರುತ್ತದೆ, ಯಂತ್ರದ ಮೇಲೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಇರುತ್ತದೆ. ಎರಡೂ ಒಂದೇ ಅಂದುಕೊಂಡು 1,000ಕ್ಕೆ ತಿರುಗಿಸಿದರೆ ಪ್ಲಾಸ್ಮಾ ಅರೆಬರೆ ಬೇರ್ಪಡುತ್ತದೆ. ನಡುವಿನ ಅಚ್ಚಿನಿಂದ ಟ್ಯೂಬಿನ ತಳಕ್ಕೆ 15 ಸೆಂ.ಮೀ. ಇದ್ದರೆ 1,000 ಜಿಗೆ ಸುಮಾರು 2,440 ಸುತ್ತು ಬೇಕು, 10 ಸೆಂ.ಮೀ. ಇದ್ದರೆ ಸುಮಾರು 2,990. ಒಮ್ಮೆ ಅಳೆದು ಯಂತ್ರದ ಮುಚ್ಚಳದ ಮೇಲೆ ಬರೆದಿಟ್ಟರೆ ಮುಗಿಯಿತು. ತಿರುಗಿದ ಮೇಲೆ ಕೆಳಗೆ ಕೆಂಪು, ಮೇಲೆ ಹಳದಿ ಪ್ಲಾಸ್ಮಾ, ನಡುವೆ ತೆಳ್ಳಗೆ ಬಿಳಿ ಪದರ. ಪಿಪೆಟ್ಟಿನ ತುದಿ ಆ ಬಿಳಿ ಪದರ ಮುಟ್ಟಬಾರದು. ಅದರಲ್ಲಿರುವ ಬಿಳಿ ರಕ್ತಕಣಗಳ ಒಳಗೆ ವೈರಸ್ಸಿನ ಡಿಎನ್‌ಎ ಮಲಗಿರುತ್ತದೆ. ಒಂದಿಷ್ಟು ಸೇರಿಕೊಂಡರೂ ಸೊನ್ನೆ ಬರಬೇಕಾದವರಿಗೆ ಸಂಖ್ಯೆ ಬಂದು ಇಡೀ ಮನೆ ನಿದ್ದೆಗೆಡುತ್ತದೆ. ಒಂದಿಷ್ಟು ಪ್ಲಾಸ್ಮಾ ಕೆಳಗೇ ಬಿಟ್ಟರೆ ನಷ್ಟವಿಲ್ಲ.

ಬೇರೆ ಮಾಡಿದ ಪ್ಲಾಸ್ಮಾ ತಣ್ಣಗಿದ್ದರೆ ಕೆಲವು ದಿನ ತಾಳುತ್ತದೆ, ಹೆಪ್ಪುಗಟ್ಟಿಸಿಟ್ಟರೆ ಇನ್ನೂ ಹೆಚ್ಚು. ಆದರೆ ವೈರಲ್ ಲೋಡ್ ಯಂತ್ರ ಊರೂರಿಗೆ ಇಲ್ಲ, ಪೆಟ್ಟಿಗೆ ಪ್ರಯಾಣ ಮಾಡಲೇಬೇಕು. ನಮ್ಮ ಕಡೆ ಪ್ರಯಾಣ ಅಂದರೆ ಘಟ್ಟ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ-66 ಹಲವು ದಿನ ಮುಚ್ಚಿತು. ಮೂರು ವಾರ ಕಳೆಯುತ್ತಲೇ ಆಗಸ್ಟ್ 7ಕ್ಕೆ ಕಾರವಾರದ ಹಳೇ ಕಾಳಿ ಸೇತುವೆ ಬಿತ್ತು. ದೇವಿಮನೆ ಘಟ್ಟ, ಅರಬೈಲು ಘಟ್ಟ ಮಳೆಗಾಲದಲ್ಲಿ ಯಾವಾಗ ಮುಚ್ಚುತ್ತವೆ ಅಂತ ಹೇಳಬರುವುದಿಲ್ಲ. ಹಾಗಾಗಿ ಮಳೆಗಾಲದ ಕ್ರಮ ತಿರುವುಮುರುವು: ಮೊದಲು ದಾರಿ ತೆರೆದಿದೆಯೇ ಅಂತ ಕೇಳು, ಐಸ್ ಪ್ಯಾಕ್ ಗಟ್ಟಿಯಾಗಿದೆಯೇ ನೋಡು, ಆಮೇಲೆ ಸೂಜಿ ಎತ್ತು. ತೆಗೆದ ರಕ್ತ ಕೆಟ್ಟರೆ ಇನ್ನೊಮ್ಮೆ ಬನ್ನಿ ಅಂತ ಹೇಳುವುದು ಸುಲಭ, ಜೋಯಿಡಾ ಕಡೆಯ ಕೂಲಿಯವರಿಗೆ ಬಂದು ಹೋದರೆ ಒಂದು ದಿನದ ಸಂಬಳ ಹೋಯಿತು. ಹೆಂಗಸರಿಗೆ 2023ರ ಜೂನ್‌ನಿಂದ ಸರಕಾರಿ ಬಸ್ಸು ಉಚಿತವಾಗಿದ್ದು ಈ ಕೆಲಸಕ್ಕೆ ಯಾರೂ ಲೆಕ್ಕ ಹಾಕದ ದೊಡ್ಡ ಸಹಾಯ. ಗಂಡಸರು ಟಿಕೆಟ್ಟಿನ ಲೆಕ್ಕದಲ್ಲೇ ಇದ್ದಾರೆ.

ವರದಿ ಬಂತು. 1,000ಕ್ಕಿಂತ ಕಡಿಮೆ ಇದ್ದರೆ ಹತೋಟಿಯಲ್ಲಿದೆ. ‘ಪತ್ತೆಯಾಗಿಲ್ಲ’ ಅಂತ ಇದ್ದರೆ ಕೇಳಲೇಬೇಕಾದ ಮಾತೊಂದನ್ನು ಹೇಳುತ್ತೇವೆ: ಹೀಗೇ ಗುಳಿಗೆ ತಪ್ಪದೆ ಇದ್ದಷ್ಟು ಕಾಲ ಗಂಡನಿಗೋ ಹೆಂಡತಿಗೋ ಕೂಡುವುದರಿಂದ ಸೋಂಕು ದಾಟುವುದಿಲ್ಲ. ಇದು ಸಮಾಧಾನದ ಮಾತಲ್ಲ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 1,763 ಜೋಡಿಗಳ ಮೇಲೆ 9 ದೇಶಗಳಲ್ಲಿ ನಡೆದ ಎಚ್‌ಪಿಟಿಎನ್ 052 ಅಧ್ಯಯನದಲ್ಲಿ, ಬೇಗ ಔಷಧ ಶುರು ಮಾಡಿದ ಗುಂಪಿನಲ್ಲಿ ಸಂಗಾತಿಗೆ ದಾಟುವುದು 96 ಶೇಕಡಾ ಕಡಿಮೆ ಅಂತ 2011ರಲ್ಲಿ ಗೊತ್ತಾಯಿತು. ಆ ಜೋಡಿಗಳಲ್ಲಿ ಚೆನ್ನೈ, ಪುಣೆಯ ದಂಪತಿಗಳೂ ಇದ್ದರು. 2019ರ ಪಾರ್ಟ್‌ನರ್ 2 ಅಧ್ಯಯನದಲ್ಲಿ ಪತ್ತೆಯಾಗದ ಮಟ್ಟದಲ್ಲಿದ್ದವರಿಂದ ಸಂಗಾತಿಗೆ ದಾಟಿದ ಒಂದು ಸೋಂಕೂ ಸಿಗಲಿಲ್ಲ. ಈ ಮಾತು ಕೇಳಿದಾಗ ಎದುರಿಗೆ ಕೂತವರ ಭುಜ ಇಳಿಯುವುದನ್ನು ನೋಡಬೇಕು.

1,000 ಅಥವಾ ಮೇಲಿದ್ದರೆ ಔಷಧ ಬದಲಿಸಲು ಅವಸರ ಮಾಡುವುದಿಲ್ಲ. ಡೊಲುಟೆಗ್ರಾವಿರ್‌ಗೆ ಎದುರಾಗಿ ನಿಲ್ಲುವುದು ವೈರಸ್ಸಿಗೆ ಸುಲಭವಲ್ಲ. ಹೆಚ್ಚಿನ ಸಲ ಗುಳಿಗೆ ಹೊಟ್ಟೆಗೆ ಹೋಗಿರುವುದಿಲ್ಲ, ಅಥವಾ ಗುಲಾಬಿ ಔಷಧದ ಜೊತೆ ಹೋಗಿರುತ್ತದೆ. ತಿಂಗಳಿಗೊಮ್ಮೆ ಕೂತು ಮಾತು, ಮೂರು ತಿಂಗಳು ಚೊಕ್ಕ ಗುಳಿಗೆ, ಮತ್ತೆ ನೇರಳೆ ಟ್ಯೂಬು. ಆಗಲೂ ಇಳಿಯದಿದ್ದರೆ ಮಾತ್ರ ಮುಂದಿನ ಯೋಚನೆ. ಆ ಮಾತುಕತೆಯಲ್ಲಿ ಹೊರಗೆ ಬರುವ ಕಾರಣಗಳು ಪುಸ್ತಕದಲ್ಲಿ ಇರುವಂಥವಲ್ಲ: ಬೋಟು ಹೇಳಿದ ದಿನಕ್ಕೆ ದಡಕ್ಕೆ ಬರಲಿಲ್ಲ, ಅಡಿಕೆಯ ಕೊನೆಕೊಯ್ಲಿಗೆ ಹೋದಲ್ಲಿ ಹತ್ತು ಜನ ಒಂದೇ ಬಿಡಾರದಲ್ಲಿ ಮಲಗಿದ್ದರು, ಮಗಳ ಮದುವೆಗೆ ನೆಂಟರೆಲ್ಲ ಮನೆಯಲ್ಲಿದ್ದರು.

‘ಪೂರ್ತಿ ವಾಸಿ ಯಾವಾಗ ಆಗ್ತದೆ?’ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಗುಳಿಗೆ ಹೊಸ ವೈರಸ್ ಹುಟ್ಟುವುದನ್ನು ತಡೆಯುತ್ತದೆ. ನಿದ್ದೆ ಹೋದ ಸಿಡಿ4 ಕಣಗಳ ಡಿಎನ್‌ಎಯಲ್ಲಿ ಸೇರಿಕೊಂಡದ್ದನ್ನು ಮುಟ್ಟುವುದಿಲ್ಲ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಮತ್ತೆ ಏಳುತ್ತದೆ. ಬರ್ಲಿನ್‌ನಲ್ಲಿ ಟಿಮೊಥಿ ರೇ ಬ್ರೌನ್ ಅವರಿಗೆ ವಾಸಿಯಾದದ್ದು ನಿಜ, ಆದರೆ ಅದು ರಕ್ತದ ಕ್ಯಾನ್ಸರಿಗೆ 2007ರಲ್ಲಿ ಮಾಡಿದ ಮೂಳೆಮಜ್ಜೆಯ ಕಸಿ, ಅದೂ ವೈರಸ್ಸಿಗೆ ಬಾಗಿಲು ಕೊಡುವ ಸಿಸಿಆರ್5 ಇಲ್ಲದ ದಾನಿಯಿಂದ. ಅಂಥ ಕಸಿ ಪ್ರಾಣಕ್ಕೇ ಅಪಾಯ, ದಿನಕ್ಕೊಂದು ಗುಳಿಗೆ ನುಂಗುವವರಿಗೆ ಕೊಡುವಂಥದ್ದಲ್ಲ.

ಹತ್ತಿರಕ್ಕೆ ಬಂದಿರುವ ಹೊಸದು ತಡೆಯ ಸೂಜಿ. ಲೆನಕಾಪವಿರ್ ಅನ್ನು ಸೋಂಕಿಲ್ಲದವರಿಗೆ 6 ತಿಂಗಳಿಗೊಮ್ಮೆ ಚರ್ಮದ ಕೆಳಗೆ ಕೊಡುತ್ತಾರೆ. 2024ರಲ್ಲಿ ಬಂದ ಪರ್ಪಸ್ 1 ಅಧ್ಯಯನದ ಫಲಿತಾಂಶದಲ್ಲಿ ಅದನ್ನು ಪಡೆದ 2,134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. 2025ರ ಜೂನ್‌ನಲ್ಲಿ ಅಮೆರಿಕದ ಅನುಮತಿ, ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಹೈದರಾಬಾದಿನ ಹೆಟೆರೊ ಮತ್ತು ಡಾ. ರೆಡ್ಡೀಸ್ ಕಂಪನಿಗಳ ಅಗ್ಗದ ಔಷಧ 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಅಂತ ಘೋಷಣೆಯಾಗಿದೆ. ಬೋಟಿನವರಿಗೆ, ಊರಿಂದೂರಿಗೆ ದುಡಿಯಲು ಹೋಗುವವರಿಗೆ ದಿನದ ಗುಳಿಗೆಗಿಂತ ಇದು ಹೊಂದುತ್ತದೆ. ಆದರೆ ಆರನೇ ತಿಂಗಳಿಗೆ ಮನುಷ್ಯ ಮತ್ತೆ ಅದೇ ಮೇಜಿನ ಮುಂದೆ ಬಂದು ಕೂರಬೇಕಲ್ಲ.

ಅದಕ್ಕೇ ಮುಂದಿನ ತಾರೀಕು ಬರೆಯುವ ಮುಂಚೆ ಇಲ್ಲಿ ಕ್ಯಾಲೆಂಡರ್ ಮಗುಚುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ. ಬೈತಖೋಲ, ತದಡಿ ಬಂದರಿನಲ್ಲಿ ದುಡಿಯುವ ಒಡಿಶಾ, ಜಾರ್ಖಂಡಿನ ಹುಡುಗರು ಮೇ ಕೊನೆಯ ವಾರ ರೈಲು ಹತ್ತುತ್ತಾರೆ; ಸ್ಥಿರವಾಗಿರುವವರಿಗೆ 3 ತಿಂಗಳ ಡಬ್ಬಿ, ಊರಿನ ಕೇಂದ್ರಕ್ಕೆ ಚೀಟಿ, ವರ್ಷದ ಟ್ಯೂಬು ಬಾಕಿ ಇದ್ದರೆ ಅದು ಮೇ 20ರೊಳಗೆ. ಊರಿನ ಮೀನುಗಾರರು ಆ ಎರಡು ತಿಂಗಳು ಮನೆಯಲ್ಲೇ ಸಿಗುತ್ತಾರೆ, ಆದರೆ ಆಗ ಘಟ್ಟದ ದಾರಿ ನಂಬುವಂತಿಲ್ಲ. ಅವರಿಗೆ ಸೆಪ್ಟೆಂಬರ್ ಅಂದರೆ ಬೋಟು ಹೋಗಿರುತ್ತದೆ. ಶಿರಸಿ ಕಡೆಯವರಿಗೆ ಮಾರಿಜಾತ್ರೆಯ ವರ್ಷ ಜಾತ್ರೆಯ ವಾರ ಬೇಡ, ತೋಟದವರಿಗೆ ಕೊಯ್ಲಿನ ತಿಂಗಳು ಬೇಡ. ಕಂಪ್ಯೂಟರ್ ತಾನಾಗಿ ತೋರಿಸುವ ತಾರೀಕು ಇದ್ಯಾವುದನ್ನೂ ನೋಡಿರುವುದಿಲ್ಲ. ‘ಅಕ್ಕಾ, ಆ ದಿನ ಆಗ್ಲಿಕ್ಕಿಲ್ಲ, ಅಮಾಸೆ ಮರುದಿನ ಬರ್ತೆ’ ಅಂದರೆ ಅಮಾವಾಸ್ಯೆಯ ಮರುದಿನವೇ ಬರೆಯಬೇಕು. ಆ ದಿನ ಅವರು ಬಂದೇ ಬರುತ್ತಾರೆ.